ಬೂದುಗಟ್ಟಿದ ಮರ: ಕುದುರೆಗಾಡಿಗಳ ಚರಿತ್ರೆಯ ಒಂದು ಪುಟ

— ಹಳೆಯ ವಿದ್ಯಾರ್ಥಿ (2003ರ ಎಸ್.ಎಸ್.ಎಲ್.ಸಿ. ತಂಡ), ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಸುವರ್ಣ ಮಹೋತ್ಸವ ಸಮಿತಿಯ ಹಿರಿಯರೊಬ್ಬರು ಫೋನ್ ಮಾಡಿ ನನ್ನಿಂದ ಎರಡು ವಸ್ತು ಕೇಳಿದರು. ಒಂದು, ಸ್ಮರಣ ಸಂಚಿಕೆಗೆ ಲೇಖನ. ಇನ್ನೊಂದು, ನಮ್ಮ ಮನೆಯ ಕೊಟ್ಟಿಗೆಯಲ್ಲಿ ಒರಗಿಸಿಟ್ಟಿರುವ ಜಟಕಾ ಗಾಡಿಯ ಚಕ್ರ. ಶಾಲೆಯ ಹಳೆಯ ವಸ್ತುಗಳ ಪ್ರದರ್ಶನಕ್ಕೆ ಅದನ್ನು ಇಡಬೇಕಂತೆ. "ನೀನೇನೂ ಯೋಚನೆ ಮಾಡಬೇಡಪ್ಪ, ಉಜ್ಜಿಸಿ, ಒಳ್ಳೆ ಎನಾಮೆಲ್ ಪೇಂಟ್ ಹೊಡೆಸಿ, ಹಳದಿ ಕೆಂಪು ಪಟ್ಟೆ ಹಾಕಿಸಿ, ಹೊಸದರ ಹಾಗೆ ಮಾಡಿಸಿಬಿಡ್ತೀವಿ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಚಕ್ರ ಕೊಡುತ್ತೇನೆ, ಆದರೆ ಬಣ್ಣ ಬೇಡ, ಉಜ್ಜುವುದಂತೂ ಬೇಡವೇ ಬೇಡ ಎಂದೆ. ಅವರಿಗೆ ಸ್ವಲ್ಪ ಬೇಸರವಾಯಿತು ಅನ್ನಿಸುತ್ತದೆ. ಬೂದು ಬಣ್ಣಕ್ಕೆ ತಿರುಗಿದ, ಬಿರುಕು ಬಿಟ್ಟ ಮರವನ್ನು ಹಾಗೇ ವೇದಿಕೆಯ ಪಕ್ಕ ಇಟ್ಟರೆ ನೋಡಿದವರು ಏನೆಂದಾರು ಎಂಬ ಅವರ ಅಳುಕು ತಪ್ಪಲ್ಲ. ಕಾರಣವನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ. ಆದ್ದರಿಂದ ಅವರು ಕೇಳಿದ ಲೇಖನದಲ್ಲೇ ಅದನ್ನು ಬರೆಯುತ್ತಿದ್ದೇನೆ. ಇದಕ್ಕಾಗಿ ಓದುಗರನ್ನು ಸ್ವಲ್ಪ ದೂರ, ಅಮೆರಿಕದವರೆಗೆ, ಕರೆದುಕೊಂಡು ಹೋಗಬೇಕಾಗುತ್ತದೆ.

ಮೊದಲು ನನ್ನ ತಪ್ಪಿನಿಂದ ಆರಂಭಿಸುತ್ತೇನೆ. ನಮ್ಮ ತಾತ ಗಾಡಿ ಮಾಡುವ ಬಡಗಿ. ಎತ್ತಿನ ಗಾಡಿಯೇ ಹೆಚ್ಚು. ರೈಲ್ವೆ ಸ್ಟೇಷನ್ನಿಗೂ ಸಂತೆ ಮೈದಾನಕ್ಕೂ ಓಡಾಡುತ್ತಿದ್ದ ಜಟಕಾಗಳಿಗೆ ಚಕ್ರಗಳನ್ನೂ ಮಾಡುತ್ತಿದ್ದರು. ಅವರು ಕೊನೆಯದಾಗಿ ಮಾಡಿದ ಜಟಕಾದ ಯಜಮಾನ ಕುದುರೆ ಮಾರಿ ಆಟೋ ಕೊಂಡಾಗ ಎರಡೂ ಚಕ್ರಗಳನ್ನು ತಂದು ನಮ್ಮ ಮನೆಯಲ್ಲಿ ಬಿಟ್ಟುಹೋದ. ಸೌದೆಗೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲವಂತೆ. ಒಂದು ಚಕ್ರ ಕೊಟ್ಟಿಗೆಯ ಒಳಗೆ ಸೇರಿತು. ಇನ್ನೊಂದು ಹಿತ್ತಿಲ ಗೋಡೆಗೆ ಒರಗಿ ಹದಿನೈದು ಇಪ್ಪತ್ತು ವರ್ಷ ಮಳೆ ಬಿಸಿಲು ತಿಂದಿತು. 2014ರಲ್ಲಿ, ಕೆಲಸಕ್ಕೆ ಸೇರಿ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ, ತಾತನ ನೆನಪಿಗೆ ಆ ಚಕ್ರವನ್ನು "ಚೆನ್ನಾಗಿ ಮಾಡಿಸಿ" ಮನೆ ಮುಂದೆ ಇಡೋಣ ಎಂಬ ಉತ್ಸಾಹ ಬಂತು. ಬಾಡಿಗೆಗೆ ಗ್ರೈಂಡರ್ ತಂದೆ, ಸ್ಯಾಂಡಿಂಗ್ ಡಿಸ್ಕ್ ಹಾಕಿದೆ. ಒಂದೇ ಭಾನುವಾರದಲ್ಲಿ ಬೂದು ಬಣ್ಣವೆಲ್ಲ ಹಾರಿಹೋಗಿ ಕೆಂಪುಗಂದು ಜಾಲಿಮರ ಹೊಳೆಯಿತು. ಎರಡು ಕೋಟ್ ವಾರ್ನಿಷ್ ಹೊಡೆದೆ. ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆ.

ಅಪ್ಪ ಸಂಜೆ ಹೊಲದಿಂದ ಬಂದವರು ಚಕ್ರದ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಗುಂಬದ ಮುಖವನ್ನು, ಅಂದರೆ ಅರಗಳೆಲ್ಲ ಬಂದು ಸೇರುವ ನಡುವಿನ ಮರದ ಗುಡ್ಡೆಯನ್ನು, ಹೆಬ್ಬೆರಳಿನಿಂದ ಸವರಿ ಸವರಿ ನೋಡಿದರು. "ಇಲ್ಲಿ ಅಂಕಿ ಇದ್ವು" ಎಂದರು. ಅಷ್ಟೇ. ಎದ್ದು ಕೈಕಾಲು ತೊಳೆಯಲು ಹೋದರು.

ಗಾಡಿ ಬಡಗಿಗಳು ಪ್ರತಿಯೊಂದು ಅರವನ್ನೂ ಅದರದೇ ತೂತಿಗೆ ಹೊಂದಿಸಿ ಕೆತ್ತುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಅದಕ್ಕಾಗಿ ತಾತ ಅರದ ಬುಡಕ್ಕೂ ಗುಂಬಕ್ಕೂ ಉಳಿಯಿಂದ ಗುರುತು ಹಾಕುತ್ತಿದ್ದರು: ೧ರಿಂದ ೧೨ರವರೆಗೆ ಕನ್ನಡ ಅಂಕಿಗಳು. ತಾತ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಬರೆದದ್ದು ಅಂತ ಈ ಪ್ರಪಂಚದಲ್ಲಿ ಉಳಿದಿದ್ದರೆ ಅದು ಆ ಹನ್ನೆರಡು ಅಂಕಿ ಮಾತ್ರ. ಅದನ್ನು ನಾನು ಗ್ರೈಂಡರ್ ಹಿಡಿದು ಅಳಿಸಿದ್ದೆ. ನಮ್ಮ ಕಸುಬಿನಲ್ಲಿ, ಬ್ಯಾಕಪ್ ಇಲ್ಲದ ಸರ್ವರಿನ ಡಿಸ್ಕ್ ಒರೆಸಿದವನಿಗೆ ಒಂದು ಬಗೆಯ ಬೆವರು ಬರುತ್ತದೆ. ಆವತ್ತು ಅದೇ ಬಂತು. ಸಾಲದ್ದಕ್ಕೆ, ಎರಡು ವರ್ಷ ಕಳೆಯುವುದರೊಳಗೆ ಆ ವಾರ್ನಿಷ್ ಹಾವಿನ ಪೊರೆಯಂತೆ ಸುಲಿದು ಬಿತ್ತು. ಅದು ಯಾಕೆ ಎಂದು ಆಗ ತಿಳಿದಿರಲಿಲ್ಲ.

2017ರಲ್ಲಿ ಕಂಪನಿಯ ಕೆಲಸದ ಮೇಲೆ ಷಿಕಾಗೊ ಸಮೀಪಕ್ಕೆ ಹೋದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ, ಇಂಡಿಯಾನಾ ರಾಜ್ಯದಲ್ಲಿ, ಸೌತ್ ಬೆಂಡ್ ಎಂಬ ಊರಿದೆ. ಒಂದು ರಜಾದಿನ ಬೇರೆ ಕೆಲಸವಿಲ್ಲದೆ ಅಲ್ಲಿನ ಸ್ಟುಡೆಬೇಕರ್ ಮ್ಯೂಸಿಯಂಗೆ ಹೋದೆ. ಸ್ಟುಡೆಬೇಕರ್ ಎಂದರೆ ನಮ್ಮ ಹಿರಿಯರಿಗೆ ಹಳೆಯ ಕಾರಿನ ಹೆಸರು. ನಾನೂ ಕಾರು ನೋಡಲೆಂದೇ ಹೋಗಿದ್ದು. ಕಂಡದ್ದು ಗಾಡಿಗಳು.

ಅಮೆರಿಕದ ಚರಿತ್ರೆಯನ್ನು ಗಾಡಿಯ ಚಕ್ರದ ಮೇಲೆ ಕುಳಿತು ಓದಬಹುದು. ಹದಿನೆಂಟನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸೀಮೆಯಲ್ಲಿ ನೆಲೆಸಿದ ಜರ್ಮನ್ ಮೂಲದ ರೈತರು ಕಾನೆಸ್ಟೋಗಾ ಎಂಬ ದೊಡ್ಡ ಸರಕು ಗಾಡಿ ಕಟ್ಟಿದರು. ಅಲ್ಲಿನ ಹೊಳೆಯ ಹೆಸರೇ ಗಾಡಿಗೂ ಬಂತು. ಅದರ ತಳ ದೋಣಿಯಂತೆ ಎರಡು ತುದಿಯಲ್ಲೂ ಮೇಲಕ್ಕೆ ಬಾಗಿರುತ್ತಿತ್ತು. ಬೆಟ್ಟ ಹತ್ತುವಾಗ ಇಳಿಯುವಾಗ ಸಾಮಾನು ಜಾರಿ ಒಂದು ಕಡೆಗೆ ಬೀಳದಿರಲಿ ಎಂದು ಈ ಉಪಾಯ. ಮೈಗೆ ನೀಲಿ ಬಣ್ಣ, ಚಕ್ರ ಅಚ್ಚುಗಳಿಗೆ ಕೆಂಪು, ಮೇಲೆ ಬಿಳಿ ಬಟ್ಟೆಯ ಕಮಾನು. ಎಳೆಯಲು ನಾಲ್ಕರಿಂದ ಆರು ಕುದುರೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಜನ ಪಶ್ಚಿಮಕ್ಕೆ, ಆರಿಗನ್ ಮತ್ತು ಕ್ಯಾಲಿಫೋರ್ನಿಯಾ ಕಡೆಗೆ, ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ವಲಸೆ ಹೊರಟಾಗ ಬಳಸಿದ್ದು ಇದಕ್ಕಿಂತ ಚಿಕ್ಕ ಗಾಡಿಗಳನ್ನು. ಸಿನಿಮಾಗಳಲ್ಲಿ ಅವನ್ನು ಕುದುರೆಗಳು ಎಳೆಯುವುದನ್ನು ನೋಡಿದ್ದೇವೆ. ನಿಜದಲ್ಲಿ ಬಹುಪಾಲು ವಲಸೆ ಗಾಡಿಗಳನ್ನು ಎಳೆದದ್ದು ಎತ್ತುಗಳು! ಕುದುರೆಗಿಂತ ನಿಧಾನ, ಆದರೆ ಅಗ್ಗ. ಸಿಕ್ಕಿದ ಹುಲ್ಲು ಮೇಯ್ದು ಬದುಕುತ್ತವೆ. ಇದನ್ನು ಓದಿದಾಗ ನಮ್ಮೂರಿನ ಜೋಡೆತ್ತುಗಳ ನೆನಪಾಗಿ ನನಗೊಂದು ಬಗೆಯ ಹೆಮ್ಮೆಯಾಯಿತು.

ಆ ವಲಸೆಗಾರರಿಗೆ ದೊಡ್ಡ ತೊಂದರೆ ಕೊಟ್ಟದ್ದು ಒಣಹವೆ. ಪೂರ್ವದ ತೇವದ ಹವೆಯಲ್ಲಿ ಕಟ್ಟಿದ ಚಕ್ರ ಪಶ್ಚಿಮದ ಬಯಲಿಗೆ ಬರುವಷ್ಟರಲ್ಲಿ ಒಣಗಿ ಕುಗ್ಗುತ್ತಿತ್ತು. ಕಬ್ಬಿಣದ ಪಟ್ಟೆ ಸಡಿಲವಾಗಿ ಕಳಚುತ್ತಿತ್ತು. ರಾತ್ರಿ ಬಿಡಾರ ಹೂಡಿದಾಗ ಚಕ್ರಗಳನ್ನು ಬಿಚ್ಚಿ ಹೊಳೆಯಲ್ಲಿ ನೆನೆಹಾಕುತ್ತಿದ್ದರು, ಸಂದಿಗೆ ಬೆಣೆ ಹೊಡೆಯುತ್ತಿದ್ದರು. ನಮ್ಮ ಕಡೆ ಬೇಸಿಗೆಯಲ್ಲಿ ಗಾಡಿ ಚಕ್ರವನ್ನು ಕೆರೆಯಲ್ಲಿ ಮುಳುಗಿಸಿಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟೆಕ್ಸಸ್ ಕಡೆಯವರು ಒಸೇಜ್ ಆರೆಂಜ್ ಎಂಬ, ಒಣಗಿದರೂ ಹೆಚ್ಚು ಕುಗ್ಗದ ಮರದಲ್ಲಿ ಚಕ್ರ ಮಾಡಲು ಕಲಿತರು. ನಮ್ಮಲ್ಲಿ ಆ ಜಾಗ ಗೊಬ್ಬಳಿ ಜಾಲಿಯದು. ಅಚ್ಚಿಗೆ ದಿಂಡಿಗ, ಇಂಗ್ಲಿಷಿನವರು ಆ ಮರಕ್ಕೆ ಇಟ್ಟ ಹೆಸರೇ ಆಕ್ಸಲ್‌ವುಡ್, ಅಂದರೆ ಅಚ್ಚಿನ ಮರ.

ಪಟ್ಟೆ ಹಾಕುವ ವಿದ್ಯೆ ಎರಡು ದೇಶದಲ್ಲೂ ಒಂದೇ. ಪಟ್ಟೆಯ ಬಳೆಯನ್ನು ಚಕ್ರದ ಸುತ್ತಳತೆಗಿಂತ ಬೇಕೆಂದೇ ಸ್ವಲ್ಪ ಚಿಕ್ಕದಾಗಿ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ, ತಕ್ಷಣ ನೀರು ಹೊಯ್ಯುತ್ತಾರೆ. ನಾಲ್ಕು ಅಡಿ ವ್ಯಾಸದ ಚಕ್ರದ ಸುತ್ತಳತೆ ಸುಮಾರು 3.8 ಮೀಟರ್. ಕಬ್ಬಿಣವನ್ನು 500 ಡಿಗ್ರಿಯಷ್ಟು ಕಾಯಿಸಿದರೆ ಅದು ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಲೆಕ್ಕ ಇಷ್ಟೇ. ಆರಿದಾಗ ಆ ಎರಡು ಸೆಂಟಿಮೀಟರ್ ಕುಗ್ಗುವ ಬಲ ಹನ್ನೆರಡು ಅರಗಳನ್ನೂ ಗುಂಬದೊಳಕ್ಕೆ ಒತ್ತಿ ಕೂರಿಸುತ್ತದೆ. ಮೊಳೆ ಬೇಡ, ಅಂಟು ಬೇಡ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಉಷ್ಣ ವಿಕಸನದ ಗುಣಾಂಕ ಬಾಯಿಪಾಠ ಮಾಡಿದ್ದೆ. ತಾತ ಅದನ್ನು ಒಂದು ಎಳೆ ಹುರಿಯಿಂದ ಅಳೆಯುತ್ತಿದ್ದರು.

ಸ್ಟುಡೆಬೇಕರ್ ಕಥೆಗೆ ಬರುತ್ತೇನೆ. ಹೆನ್ರಿ ಮತ್ತು ಕ್ಲೆಮೆಂಟ್ ಎಂಬ ಅಣ್ಣತಮ್ಮಂದಿರು 1852ರಲ್ಲಿ ಸೌತ್ ಬೆಂಡ್‌ನಲ್ಲಿ ಕುಲುಮೆ ತೆರೆದಾಗ ಅವರ ಬಂಡವಾಳ 68 ಡಾಲರ್. ಇನ್ನೊಬ್ಬ ತಮ್ಮ ಜಾನ್ ಚಿನ್ನ ಹುಡುಕುವವರ ಗುಂಪಿನೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಹೋದ. ಚಿನ್ನ ಅಗೆಯುವ ಬದಲು ಅಗೆಯುವವರಿಗೆ ಒಂಟಿಚಕ್ರದ ತಳ್ಳುಗಾಡಿ ಮಾಡಿ ಮಾರಿದ. 1858ರಲ್ಲಿ 8,000 ಡಾಲರ್ ಉಳಿಸಿಕೊಂಡು ಊರಿಗೆ ಬಂದು ಅಣ್ಣಂದಿರ ವ್ಯಾಪಾರಕ್ಕೆ ಹಾಕಿದ. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಗಾಡಿ ಪೂರೈಸಿದರು. 1870ರ ದಶಕದಲ್ಲಿ ಎರಡು ಸಲ ಕಾರ್ಖಾನೆಗೆ ಬೆಂಕಿ ಬಿತ್ತು. ಎರಡೂ ಸಲ ಮತ್ತೆ ಕಟ್ಟಿದರು. ಶತಮಾನ ಮುಗಿಯುವ ವೇಳೆಗೆ ಪ್ರಪಂಚದ ಅತಿ ದೊಡ್ಡ ಗಾಡಿ ತಯಾರಕರು ಅವರು. 1902ರಲ್ಲಿ ವಿದ್ಯುತ್ ಕಾರು, 1904ರಲ್ಲಿ ಪೆಟ್ರೋಲ್ ಕಾರು, 1920ರಲ್ಲಿ ಕುದುರೆಗಾಡಿಗೆ ವಿದಾಯ. 1963ರ ಡಿಸೆಂಬರಿನಲ್ಲಿ ಸೌತ್ ಬೆಂಡ್‌ನ ಕಾರು ಕಾರ್ಖಾನೆಯೂ ಮುಚ್ಚಿತು. ಈಗ ಎಲೆಕ್ಟ್ರಿಕ್ ಕಾರನ್ನು ಹೊಸದೆಂದು ಮಾತಾಡುವ ನಮ್ಮಂಥವರು ಆ 1902ನ್ನು ಒಮ್ಮೆ ಗಮನಿಸಬೇಕು.

ಮ್ಯೂಸಿಯಂನಲ್ಲಿ ಅಬ್ರಹಾಂ ಲಿಂಕನ್ ಅವರು 1865ರ ಏಪ್ರಿಲ್ 14ರ ರಾತ್ರಿ ಫೋರ್ಡ್ಸ್ ನಾಟಕಶಾಲೆಗೆ ಹೋದ ಕುದುರೆಗಾಡಿ ಇದೆ. ಅದು ಸ್ಟುಡೆಬೇಕರ್ ಮಾಡಿದ್ದಲ್ಲ, ನ್ಯೂಯಾರ್ಕಿನ ವುಡ್ ಬ್ರದರ್ಸ್ ಮಾಡಿದ್ದು. ಕ್ಲೆಮೆಂಟ್ ಆಮೇಲೆ ಕೊಂಡು ತಂದದ್ದು. ಅದರ ಮುಂದೆ ಬಹಳ ಹೊತ್ತು ನಿಂತೆ. ಲಿಂಕನ್ ಎಂಬ ಕಾರಣಕ್ಕೆ ಅಲ್ಲ. ಅದನ್ನು ಯಾರೂ "ಹೊಸದರ ಹಾಗೆ" ಮಾಡಿರಲಿಲ್ಲ.

ಆ ಸುತ್ತಿನ ಹಳ್ಳಿಯೊಂದರಲ್ಲಿ ಹಳೆಯ ಗಾಡಿಗಳನ್ನು ದುರಸ್ತಿ ಮಾಡುವ ನಿವೃತ್ತರೊಬ್ಬರ ಪರಿಚಯವಾಯಿತು. ಅವರ ಕಣದ ಮನೆಯಂಥ ದೊಡ್ಡ ಕೊಟ್ಟಿಗೆಯಲ್ಲಿ ಬಿಡಿಬಿಡಿ ಚಕ್ರ, ಮೂಕಿ, ಅಚ್ಚು, ಹಲಗೆ ಸಾಲಾಗಿ ಬಿದ್ದಿದ್ದವು. ಎಲ್ಲವೂ ಒಂದೇ ಬಣ್ಣ: ನಮ್ಮ ಹಿತ್ತಿಲ ಚಕ್ರದ ಅದೇ ಬೂದು. ನಾನು ಬಳಿಯಲ್ಲಿದ್ದ ಮರಳು ಕಾಗದ ಎತ್ತಿಕೊಂಡು ಒಂದು ಹಲಗೆಗೆ ಉಜ್ಜಲು ಹೋದೆ, ಸಹಾಯ ಮಾಡುವ ಹುಮ್ಮಸ್ಸಿನಲ್ಲಿ. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಬಾಗಿಲು ಹಾಕಿ ಕತ್ತಲು ಮಾಡಿ, ಟಾರ್ಚನ್ನು ಹಲಗೆಗೆ ಹೆಚ್ಚುಕಡಿಮೆ ತಾಗುವ ಹಾಗೆ ಅಡ್ಡ ಹಿಡಿದರು. ಎದುರಿನಿಂದ ಬೆಳಕು ಬಿಟ್ಟಾಗ ಏನೂ ಕಾಣದಿದ್ದ ಮರದ ಮೇಲೆ ಸಣ್ಣ ಸಣ್ಣ ನೆರಳು ಎದ್ದವು. ಮೊದಲು ಒಂದು ಉದ್ದನೆಯ ಪಟ್ಟೆ. ಬಣ್ಣ ಹೋಗಿದ್ದರೂ ಬಣ್ಣವಿದ್ದ ಕಡೆ ಮರ ಕಡಿಮೆ ಸವೆದು ಕೂದಲೆಳೆಯಷ್ಟು ಎತ್ತರ ಉಳಿದಿತ್ತು. ಆಮೇಲೆ ಹಲಗೆಯ ತುದಿಯಲ್ಲಿ ಉಳಿಯಿಂದ ಕೆತ್ತಿದ ನಾಲ್ಕು ಗೀರು: ರೋಮನ್ ಅಂಕಿಯಲ್ಲಿ ಏಳು. ಯಾವನೋ ಬಡಗಿ ಜೋಡಣೆಗೆ ಹಾಕಿಕೊಂಡ ಗುರುತು.

ನಾನು ಏನೂ ಮಾತಾಡಲಿಲ್ಲ. ಅವರು ನನಗೆ ಮರದ ವಿಷಯವೇ ಆಸಕ್ತಿ ಎಂದುಕೊಂಡು ಪಾಠ ಶುರು ಮಾಡಿದರು. ಅವರು ಹೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಕೂಡಿಸಿ ಬರೆಯುತ್ತೇನೆ. ಹತ್ತನೇ ತರಗತಿಯ ವಿಜ್ಞಾನ ಓದಿದ ಮಕ್ಕಳಿಗೆ ಇದು ಕಷ್ಟವಾಗದು.

ಮರದಲ್ಲಿ ಮುಖ್ಯವಾಗಿ ಎರಡು ವಸ್ತು: ಸೆಲ್ಯುಲೋಸ್ ಎಂಬ ನಾರು ಮತ್ತು ಆ ನಾರುಗಳನ್ನು ಹಿಡಿದು ನಿಲ್ಲಿಸುವ ಲಿಗ್ನಿನ್ ಎಂಬ ಗಾರೆ. ಬಿಸಿಲಿನ ಅತಿನೇರಳೆ ಕಿರಣ ಲಿಗ್ನಿನ್ ಅನ್ನು ಮುರಿಯುತ್ತದೆ. ಮೊದಲು ಮರ ಹಳದಿಗಂದು ಬಣ್ಣಕ್ಕೆ ತಿರುಗುತ್ತದೆ. ಮಳೆ ಆ ಮುರಿದ ಲಿಗ್ನಿನ್ ಅನ್ನು ತೊಳೆದುಬಿಡುತ್ತದೆ. ಮೇಲೆ ಉಳಿಯುವುದು ಬರಿಯ ಬೆಳ್ಳನೆ ನಾರು. ತೇವವಿರುವ ಕಡೆ ಅದರ ಮೇಲೆ ಕಪ್ಪು ಚುಕ್ಕೆಯಂಥ ಬೂಷ್ಟು ಹತ್ತುತ್ತದೆ. ಬಿಳಿ ನಾರು ಮತ್ತು ಕಪ್ಪು ಬೂಷ್ಟು ಸೇರಿ ದೂರಕ್ಕೆ ಬೂದು ಕಾಣುತ್ತದೆ. ಇದು ಕೊಳೆತವಲ್ಲ. ಬೂದು ಪದರದ ದಪ್ಪ ಕಾಲು ಮಿಲಿಮೀಟರಿಗೂ ಕಡಿಮೆ. ಅದರ ಕೆಳಗೆ ಮರ ಕಡಿದ ದಿನದಷ್ಟೇ ಗಟ್ಟಿಯಾಗಿರಬಹುದು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 1910ರಿಂದ ನಡೆಯುತ್ತಿರುವ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಎಂಬ ಸರಕಾರಿ ಸಂಸ್ಥೆ ಈ ಸವೆತವನ್ನು ಅಳೆದಿದೆ: ಬಿಸಿಲು ಮಳೆಗೆ ಒಡ್ಡಿದ ಪೈನ್‌ನಂಥ ಮೆದು ಮರ ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಸವೆಯುತ್ತದೆ, ಗಟ್ಟಿ ಮರ ಅದಕ್ಕಿಂತ ಕಡಿಮೆ. ಅಂದರೆ ಹಿತ್ತಿಲಿನಲ್ಲಿ ಇಪ್ಪತ್ತು ವರ್ಷದ ಬಿಸಿಲು ಮಳೆ ತಾತನ ಅಂಕಿಗಳನ್ನು ಅಳಿಸಿರಲಿಲ್ಲ. ನನ್ನ ಒಂದು ಭಾನುವಾರ ಅಳಿಸಿತು.

ವಾರ್ನಿಷ್ ಯಾಕೆ ಸುಲಿಯಿತು ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಪಾರದರ್ಶಕ ವಾರ್ನಿಷ್ ಗಾಜಿನ ಹಾಗೆ. ಬಿಸಿಲನ್ನು ಒಳಗೆ ಬಿಡುತ್ತದೆ. ಒಳಗೆ ಲಿಗ್ನಿನ್ ಮುರಿಯುತ್ತದೆ, ವಾರ್ನಿಷ್ ಹಿಡಿದುಕೊಂಡಿದ್ದ ಮೇಲ್ಪದರವೇ ಸಡಿಲವಾಗುತ್ತದೆ, ಸಿಪ್ಪೆ ಎದ್ದು ಬರುತ್ತದೆ. ಬಿಸಿಲು ತಡೆಯುವುದು ಬಣ್ಣದ ಪುಡಿ ಬೆರೆತ ಪೇಂಟ್. ಹಳೆಯ ಗಾಡಿ ಮಾಡುವವರು ಚಕ್ರಕ್ಕೆ ಕೆಂಪು, ಪೆಟ್ಟಿಗೆಗೆ ಹಸಿರು ಬಳಿಯುತ್ತಿದ್ದುದು ಚಂದಕ್ಕಾಗಿ ಮಾತ್ರ ಅಲ್ಲ.

ಕಬ್ಬಿಣದ ಪಕ್ಕದ ಮರ ಬೂದಾಗುವುದಿಲ್ಲ, ಕಪ್ಪಾಗುತ್ತದೆ. ಓಕ್ ಮರದಲ್ಲೂ ನಮ್ಮ ಜಾಲಿಯಲ್ಲೂ ಟ್ಯಾನಿನ್ ಎಂಬ ಒಗರು ಬಹಳ. ನೀರು ಬಿದ್ದಾಗ ಕಬ್ಬಿಣದ ಜೊತೆ ಸೇರಿ ಅದು ನೀಲಿಗಪ್ಪು ಬಣ್ಣ ಕೊಡುತ್ತದೆ. ಹಿಂದೆ ಅಳಲೆಕಾಯಿ ಮತ್ತು ಅನ್ನಭೇದಿ ಕುದಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ರಸಾಯನ ಕ್ರಿಯೆ. ಗಾಡಿಯ ಪಟ್ಟೆಯ ಕೆಳಗೆ ನೂರು ವರ್ಷ ತನಗೆ ತಾನೇ ಶಾಯಿ ತಯಾರಾಗುತ್ತಿರುತ್ತದೆ. ಈ ಕಲೆ ತೆಗೆಯಲು ಆಕ್ಸಾಲಿಕ್ ಆಮ್ಲ ಬಳಸುತ್ತಾರೆ: ಒಂದು ಲೀಟರ್ ಬಿಸಿನೀರಿಗೆ ಸುಮಾರು 30 ಗ್ರಾಂ, ಪ್ಲಾಸ್ಟಿಕ್ ಪಾತ್ರೆಯಲ್ಲಿ, ಬ್ರಷ್‌ನಿಂದ ಹಚ್ಚಿ, ಆಮೇಲೆ ಚೆನ್ನಾಗಿ ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಬೂದು ಬಣ್ಣವೂ ಬಹುಮಟ್ಟಿಗೆ ತಿಳಿಯಾಗುತ್ತದೆ. ಅದು ವಿಷ, ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು, ಮಕ್ಕಳ ಕೈಗೆ ಸಿಗುವ ಕಡೆ ಇಡಬಾರದು. ಮರ ಒಣಗಿದ ಮೇಲೆ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚುವುದು ವಾಡಿಕೆ. ಇಲ್ಲೂ ಒಂದು ಎಚ್ಚರಿಕೆ: ಅಗಸೆ ಎಣ್ಣೆಯಲ್ಲಿ ಒದ್ದೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರಡಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಬೇಕು. ಆ ಹಿರಿಯರು ಇದನ್ನು ನನಗೆ ಮೂರು ಸಲ ಹೇಳಿದರು.

ಆದರೆ ಅವರು ಎಲ್ಲ ತುಂಡಿಗೂ ಇದನ್ನು ಮಾಡುತ್ತಿರಲಿಲ್ಲ. ಮತ್ತೆ ಓಡಬೇಕಾದ ಗಾಡಿಗೆ ಒಂದು ನ್ಯಾಯ, ನೋಡಬೇಕಾದ ಗಾಡಿಗೆ ಇನ್ನೊಂದು. ಓಡಬೇಕಾದದ್ದಕ್ಕೆ ಕೊಳೆತ ಅರ ಕಿತ್ತು ಹೊಸ ಹಿಕರಿ ಮರದ್ದು ಹಾಕಲೇಬೇಕು; ಇಲ್ಲದಿದ್ದರೆ ಕುಳಿತವನ ಕೈಕಾಲು ಮುರಿಯುತ್ತದೆ. ಇದನ್ನು ಅಲ್ಲಿಗೆ ಹತ್ತಿರದ ಆಮಿಶ್ ಜನರ ನಡುವೆ ಕಂಡೆ. ಉತ್ತರ ಇಂಡಿಯಾನಾದ ಶಿಪ್‌ಶೆವಾನ ಸುತ್ತಮುತ್ತ ಧಾರ್ಮಿಕ ಕಾರಣದಿಂದ ಕಾರು ಇಟ್ಟುಕೊಳ್ಳದ ಈ ಜನ ಇಂದಿಗೂ ಕುದುರೆಗಾಡಿಯಲ್ಲೇ ಓಡಾಡುತ್ತಾರೆ. ಅಂಗಡಿಗಳ ಮುಂದೆ ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ಕುದುರೆ ಕಟ್ಟುವ ಕಂಬಗಳಿವೆ. ಅಲ್ಲಿನ ಚಕ್ರದ ಅಂಗಡಿಯಲ್ಲಿ ಒಬ್ಬ ಯುವಕ, ನನಗಿಂತ ಚಿಕ್ಕವನು, ಅರ ಕೂರಿಸುತ್ತಿದ್ದ. ಸುತ್ತಿಗೆಯ ಪ್ರತಿ ಏಟಿಗೂ ಕಿವಿಗೊಟ್ಟು, ಸದ್ದು ಗಟ್ಟಿಯಾಗುವವರೆಗೆ ಹೊಡೆಯುತ್ತಿದ್ದ. ಕೊಟ್ಟಿಗೆಯಲ್ಲಿ ತಾತನೂ ಹೀಗೆ ತಲೆ ವಾಲಿಸಿ ಕೇಳುತ್ತಿದ್ದುದು ನನಗೆ ಮಸುಕಾಗಿ ನೆನಪಿದೆ. ಆ ಜನ ಫೋಟೊ ತೆಗೆಸಿಕೊಳ್ಳಲು ಇಷ್ಟಪಡುವುದಿಲ್ಲ. ಹಾಗಾಗಿ ಈ ಲೇಖನಕ್ಕೆ ಕೊಡಲು ಚಿತ್ರವಿಲ್ಲ.

ಇನ್ನೊಂದು ಸಲ ಗೆಳೆಯರೊಂದಿಗೆ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೆ ಹೋದಾಗ ಅಲ್ಲಿನ ಹಾರ್ಮನಿ ಬೋರಾಕ್ಸ್ ವರ್ಕ್ಸ್ ಎಂಬ ಪಾಳುಬಿದ್ದ ಕಾರ್ಖಾನೆಯ ಬಳಿ ಬಯಲಲ್ಲೇ ನಿಂತ ದೈತ್ಯ ಗಾಡಿಗಳನ್ನು ಕಂಡೆ. 1883ರಿಂದ ಕೆಲವು ವರ್ಷ ಇಂಥ ಗಾಡಿಗಳು 165 ಮೈಲಿ ದೂರದ ಮೊಹಾವೆ ರೈಲು ನಿಲ್ದಾಣಕ್ಕೆ ಮರುಭೂಮಿಯ ಮೂಲಕ ಬೋರಾಕ್ಸ್ ಸಾಗಿಸಿದವು. ಹಿಂದಿನ ಚಕ್ರ ಏಳು ಅಡಿ ಎತ್ತರ. ನನ್ನ ತಲೆಗಿಂತ ಮೇಲೆ. "ಇಪ್ಪತ್ತು ಹೇಸರಗತ್ತೆಯ ತಂಡ" ಎಂದು ಅದು ಪ್ರಸಿದ್ಧ. ವಾಸ್ತವವಾಗಿ ಹದಿನೆಂಟು ಹೇಸರಗತ್ತೆ, ಗಾಡಿಗೆ ಹತ್ತಿರದಲ್ಲಿ ಎರಡು ಕುದುರೆ. ಮಳೆ ಅತಿ ಕಡಿಮೆಯಾದ ಅಲ್ಲಿ ಮರ ಕೊಳೆಯುವುದಿಲ್ಲ. ಬಿಸಿಲಿಗೆ ಬೆಳ್ಳಿಯಂತೆ ಹೊಳೆಯುವ ಬೂದು ಬಣ್ಣಕ್ಕೆ ತಿರುಗಿ, ಒಣ ಮೀನಿನ ಹಾಗೆ ಸೀಳು ಬಿಟ್ಟು ನಿಲ್ಲುತ್ತದೆ.

ಬೋರಾಕ್ಸ್ ಎಂದರೆ ನಮ್ಮ ಬಿಳಿಗಾರ. ಆ ಗಾಡಿಗಳು ಹೊತ್ತ ಸರಕೇ ಈಗ ಮರ ಕಾಪಾಡುವ ಔಷಧ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ಹಚ್ಚಿದರೆ ಮರ ಕೊರೆಯುವ ಹುಳು, ಬೂಷ್ಟು ಎರಡೂ ಹತ್ತಿರ ಬರುವುದಿಲ್ಲ. ಮಳೆಗೆ ಮಾತ್ರ ತೊಳೆದುಹೋಗುತ್ತದೆ, ಆದ್ದರಿಂದ ಮಾಡಿನ ಕೆಳಗಿನ ವಸ್ತುವಿಗೆ ಸರಿ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರ ಸಂರಕ್ಷಣೆಯ ಇಂಥ ವಿಷಯಗಳಿಗೇ ಇರುವುದು. 1938ರಲ್ಲಿ ಮೈಸೂರು ಸರಕಾರ ಆರಂಭಿಸಿದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಅದರ ಮೂಲ. ಕಾಲೇಜು ದಿನಗಳಲ್ಲಿ ಅದರ ಗೇಟಿನ ಮುಂದೆ ಎಷ್ಟೋ ಸಲ ಬಸ್ಸಿಗೆ ಕಾದಿದ್ದೇನೆ. ಒಳಗೇನಿದೆ ಎಂದು ಕೇಳಿದವನಲ್ಲ.

2019ರಲ್ಲಿ ಊರಿಗೆ ಬಂದ ರಾತ್ರಿಯೇ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋದೆ. ಅಪ್ಪನೂ ಬಂದರು, ಏನು ಹುಡುಗಾಟ ಎನ್ನುವ ಮುಖ ಮಾಡಿಕೊಂಡು. ಉಳಿದ ಆ ಒಂದು ಚಕ್ರದ ಮೇಲೆ ಹುಲ್ಲಿನ ಧೂಳು, ಜೇಡರ ಬಲೆ. ಕಟ್ಟುವ ಮುಂಚೆ ಮಳೆಗಾಲ ಒಂದೆರಡನ್ನು ಬಯಲಲ್ಲಿ ಕಳೆದದ್ದರಿಂದ ಅದೂ ಬೂದಾಗಿತ್ತು. ಮೆದು ಕುಂಚದಿಂದ ಧೂಳು ತೆಗೆದು, ಟಾರ್ಚನ್ನು ಗುಂಬದ ಪಕ್ಕಕ್ಕೆ ಅಡ್ಡ ಹಿಡಿದೆ. ಕೀಲೆಣ್ಣೆ ಮತ್ತು ಮಣ್ಣು ಉಳಿಯ ಗೀರಿನೊಳಗೆ ಕೂತು ಕಪ್ಪಾಗಿತ್ತು. ೧ ಕಂಡಿತು. ೨, ೩. ಕೆಲವು ತೀರ ಮಸುಕು. ೬ನ್ನು ತಾತ ತಿರುವುಮುರುವಾಗಿ ಕೆತ್ತಿದ್ದರು, ಕನ್ನಡಿಯಲ್ಲಿ ಕಂಡ ಹಾಗೆ. ಅಪ್ಪ ನಕ್ಕರು. "ಆ ಆರು ಅವರಿಗೆ ಯಾವತ್ತೂ ಬರಲಿಲ್ಲ. ನೀನು ಒಂದನೇ ಕ್ಲಾಸಿನಲ್ಲಿದ್ದಾಗ ನಿನ್ನ ಸ್ಲೇಟು ನೋಡಿ ಕಲಿಯೋಕೆ ಹೋಗ್ತಿದ್ರು" ಎಂದರು. ಇದು ನನಗೆ ಗೊತ್ತಿರಲಿಲ್ಲ. ಹನ್ನೆರಡರಲ್ಲಿ ಒಂಬತ್ತು ಅಂಕಿ ಸಿಕ್ಕವು. ಮೂರು ಎಲ್ಲಿವೆ ಎಂದು ಅಪ್ಪ ಇನ್ನೂ ಆಗಾಗ ಹುಡುಕುತ್ತಾರೆ.

ಆ ಚಕ್ರಕ್ಕೆ ನಾವು ಮಾಡಿದ್ದು ಇಷ್ಟೇ. ಒಣ ಕುಂಚದಿಂದ ಶುಚಿ ಮಾಡಿದೆವು. ಸುತ್ತಿನ ಮರದಲ್ಲಿ ಎರಡು ಕಡೆ ಹುಳು ಕೊರೆದ ತೂತುಗಳಿದ್ದವು, ಅಲ್ಲಿಗೆ ಬಿಳಿಗಾರದ ನೀರು ಹಚ್ಚಿದೆವು. ಆಕ್ಸಾಲಿಕ್ ಆಮ್ಲ ಬೇಡವೆಂದು ಬಿಟ್ಟೆವು. ಆ ಕಪ್ಪು ಹೋದರೆ ಅಂಕಿ ಓದಲು ಆಗುವುದಿಲ್ಲ. ಗುಂಬಕ್ಕೆ ಎಣ್ಣೆ ಹಚ್ಚಲಿಲ್ಲ. ನಾಲ್ಕು ಇಟ್ಟಿಗೆಯ ಮೇಲೆ ನೆಲಕ್ಕೆ ತಾಗದಂತೆ ನಿಲ್ಲಿಸಿದ್ದೇವೆ. ನಾನು ಹಾಳು ಮಾಡಿದ ಚಕ್ರ ಮನೆ ಮುಂದೆಯೇ ಇದೆ, ಈಗ ಅದೂ ಮತ್ತೆ ಬೂದಾಗಿದೆ. ಸಮಿತಿಯವರು ಬಣ್ಣ ಹೊಡೆಯಲೇಬೇಕೆಂದರೆ ಅದನ್ನು ಸಂತೋಷದಿಂದ ಕೊಡುತ್ತೇನೆ. ಕೆಂಪು, ಹಳದಿ, ಏನು ಬೇಕಾದರೂ ಬಳಿಯಲಿ. ವೇದಿಕೆಯ ಬಾಗಿಲಿಗೆ ಚೆನ್ನಾಗಿ ಕಾಣುತ್ತದೆ.

ಕೊಟ್ಟಿಗೆಯ ಚಕ್ರವನ್ನು ಪ್ರದರ್ಶನದ ಕೊಠಡಿಯಲ್ಲಿ, ಕಿಟಕಿಯಿಂದ ದೂರ, ಬಿಸಿಲು ಬೀಳದ ಮೂಲೆಯಲ್ಲಿ ಇಡಬೇಕೆಂದು ಕೇಳಿಕೊಂಡಿದ್ದೇನೆ. ಪಕ್ಕದ ಮೇಜಿನ ಮೇಲೆ ಒಂದು ಟಾರ್ಚ್ ಇರುತ್ತದೆ. ನೋಡಲು ಬರುವ ಮಕ್ಕಳು ಅದನ್ನು ಗುಂಬದ ಎಡಬದಿಯಿಂದ ಅಡ್ಡ ಹಿಡಿಯಬೇಕು, ಎದುರಿನಿಂದ ಅಲ್ಲ. ಆರು ಎಡಕ್ಕೆ ಸ್ವಲ್ಪ ಕೆಳಗಿದೆ. ಕಾಣದೆ ಉಳಿದ ಮೂರು ಅಂಕಿಗಳಲ್ಲಿ ಯಾರಿಗಾದರೂ ಒಂದು ಸಿಕ್ಕರೆ ಬಾಗಿಲ ಬಳಿ ಕುಳಿತಿರುವ ನಮ್ಮ ಅಪ್ಪನಿಗೆ ಹೇಳಿ.